ದಿನ ತುಂಬದವರು

ಮೂರನೇ ಕ್ಲಾಸಿನ ಮೂವತ್ತೊಂದು ಮಕ್ಕಳು,
ಎರಡು ಬಾಡಿಗೆ ವ್ಯಾನು, ಒಬ್ಬಳೇ ನಾನು.
ಮಪುಟೊದ ಬೀದಿಗೆಲ್ಲ ಜಕರಾಂಡ ನೇರಳೆ ಚೆಲ್ಲಿದ ನವೆಂಬರು.
ಇಳಿಸಿ ಎಣಿಸಿದೆ: ಮೂವತ್ತು.
ಎದೆ ಧಸಕ್ಕೆಂದು ಮತ್ತೆ ಎಣಿಸಿದೆ: ಮೂವತ್ತೆರಡು.
ಸೀಟಿನಡಿ ಚಪ್ಪಲಿ ಹುಡುಕುತ್ತಿದ್ದ ಗಿಲ್ಯೆರ್ಮಿನಾ ಬಂದಿದ್ದಳು,
ಡ್ರೈವರನ ಮಗನೂ ಸಾಲಿಗೆ ಸೇರಿಕೊಂಡಿದ್ದ.
ಇರಲಿ ಬಿಡಿ ಅಂದೆ.

ದೊಡ್ಡ ಹಜಾರ. ಸಿಂಹ ಕಾಡೆಮ್ಮೆಯ ಬೆನ್ನೇರಿದೆ,
ಯಾವ ಕಾಲದಿಂದಲೋ, ಇನ್ನೂ ಕಚ್ಚಿ ಮುಗಿದಿಲ್ಲ.
"ಟೀಚರ್, ಎಮ್ಮೆ ಗೆದ್ದರೆ?"
"ಸುಮ್ಮನಿರೋ ಟೊಮಾಸಿನ್ಯು."
ಜಿರಾಫೆಯ ಕುತ್ತಿಗೆಯಲ್ಲಿ ಹೊಲಿಗೆ ಬಿಟ್ಟಿತ್ತು;
ಒಳಗಿನ ಒಣಹುಲ್ಲು ಕಂಡು ಮಕ್ಕಳಿಗೆ ಪರಮ ಸಮಾಧಾನ:
ತಿಂದದ್ದೂ ಹುಲ್ಲು, ಇರುವುದೂ ಹುಲ್ಲು,
ಸರಿಯಾಗಿಯೇ ಇದೆಯಲ್ಲ.
ಸಿಂಹದೊಳಗೂ ಹುಲ್ಲೇ ಎಂದು
ನಾನು ಹೇಳಲಿಲ್ಲ.

ಪಕ್ಕದ ಕೋಣೆಗೆ ಹೋಗುವ ಮನಸ್ಸಿರಲಿಲ್ಲ ನನಗೆ.
ಮಕ್ಕಳ ಸಾಲೆಂದರೆ ನೀರು,
ಇಳಿಜಾರು ಕಂಡತ್ತ ಹರಿಯಿತು.

ಅಲ್ಲಿ ಗಾಜಿನ ಹಿಂದೆ, ಒಂದರ ಮಗ್ಗುಲಿಗೊಂದು,
ಹುಟ್ಟದೇ ಉಳಿದ ಆನೆಮರಿಗಳು.
ಮೊದಲನೆಯದು ಹೆಬ್ಬೆರಳಿನಷ್ಟು,
ಆಮೇಲೆ ಇಲಿಯಷ್ಟು, ಮೊಲದಷ್ಟು, ಕುರಿಯಷ್ಟು,
ಕೊನೆಯದಕ್ಕಂತೂ ಮೈತುಂಬ ಕೂದಲು, ಕಾಲಿಗೆ ಉಗುರು,
ಇನ್ನೇನು ಎದ್ದು ನಿಲ್ಲಬೇಕು
ಎನ್ನುವಷ್ಟರಲ್ಲಿ.

"ಇಪ್ಪತ್ತೆರಡು ತಿಂಗಳ ಬಸಿರು," ಎಂದೆ, ಪಾಠದ ದನಿಯಲ್ಲಿ.
ಶಿಲುವಾ ಬೆರಳು ಮಡಿಚಿ ಲೆಕ್ಕ ಹಾಕಿದಳು:
"ಒಳಗಿದ್ದಾಗಲೇ ಎರಡು ಕ್ರಿಸ್‌ಮಸ್ಸು!
ಪಾಪ, ಒಂದಕ್ಕೂ ಹೊಸ ಬಟ್ಟೆ ಇಲ್ಲ."

ಹೊಲ ಮಾಡಲೆಂದು ಆನೆಗಳನ್ನು ಕೊಂದ ಕಾಲ,
ಕೊಂದ ಮೇಲೆ ಬಸಿರು ಬಗೆದು ನೋಡಿದ ಕಾಲ,
ಇದನ್ನು ಎಂಟು ವರ್ಷದವರಿಗೆ ಹೇಗೆ ಹೇಳಬೇಕೆಂದು
ಹಿಂದಿನ ರಾತ್ರಿ ಕನ್ನಡಿ ಮುಂದೆ ಹೇಳಿ ನೋಡಿಕೊಂಡಿದ್ದೆ.
ಅಲ್ಲಿ ನಿಂತಾಗ ಬಾಯಿ ಕಟ್ಟಿತು.

ಎಲಿಯಾಸ್ ಏಳನೆಯದರ ಮುಂದೆ ನಿಂತುಬಿಟ್ಟಿದ್ದ.
ಅವನ ತಾಯಿ ಹೋದ ತಿಂಗಳು
ಆಸ್ಪತ್ರೆಯಿಂದ ಬರಿಗೈಲಿ ಬಂದದ್ದು ಶಾಲೆಗೆಲ್ಲ ಗೊತ್ತು.
ಯಾರೂ ಆ ಮಾತೆತ್ತಿರಲಿಲ್ಲ. ನಾನೂ.
"ಇದರ ಹೆಸರೇನು?"
"ಆಫ್ರಿಕದ ಆನೆ."
"ಅದು ಜಾತಿ. ಹೆಸರು?"
"ಹುಟ್ಟಿದ ಮೇಲಲ್ಲವೇನಪ್ಪ ಹೆಸರು."
"ನಮ್ಮದಕ್ಕೆ ಮೊದಲೇ ಇಟ್ಟಿದ್ದೆವು," ಎಂದ.

ಅಷ್ಟೇ.
ಆಮೇಲೆ ಯಾರು ಶುರು ಮಾಡಿದರೋ.
ಹೆಬ್ಬೆರಳಿನಷ್ಟರದು ನ್ಯೆಲೆತಿ, ಅಂದರೆ ನಕ್ಷತ್ರ.
ಮೊಲದಷ್ಟರದು ಗೋಲ್‌ಕೀಪರ್, ಕಾಲು ಹಾಗೆ ಮಡಿಚಿದೆಯಂತೆ.
ಒಂದು ಮಾವು, ಒಂದು ಬಜ್ಜಿ (ಹಸಿವಾಗಿತ್ತು ಅವರಿಗೆ),
ಕೊನೆಯ ದೊಡ್ಡದಕ್ಕೆ ನಮ್ಮ ಹೆಡ್‌ಮಿಸ್ ಹೆಸರು.
ಗದ್ದಲಕ್ಕೆ ಕಾವಲಿನ ಫೆನಿಯಾಸ್ ಒರೆಸುವ ಬಟ್ಟೆ ಹಿಡಿದೇ ಬಂದ.
ಬೈಯುತ್ತಾನೆಂದು ನಾನು ಕ್ಷಮೆಯ ಮಾತು ಜೋಡಿಸುತ್ತಿದ್ದೆ.
"ಮೂರನೆಯದಕ್ಕೆ ಬೇಡ," ಎಂದ, ನೆಲ ನೋಡುತ್ತ,
"ಅದಕ್ಕೆ ಇದೆ. ಒಂಬತ್ತು ವರ್ಷವಾಯಿತು ನಾನಿಟ್ಟು."

ಎಲಿಯಾಸ್ ಗಾಜಿಗೆ ಬಾಯಿ ತಾಗಿಸಿ
ಕೂಸಿನ ಕಿವಿಯಲ್ಲಿ ಹೇಳುವ ಹಾಗೆ
ಏನೋ ಹೇಳಿದ, ಮೂರು ಸಲ.
ಗಾಜಿನ ಮೇಲೆ ಉಸಿರಿನ ಬಿಲ್ಲೆ.
ಫೆನಿಯಾಸನ ಕೈಯಲ್ಲಿ ಬಟ್ಟೆಯಿತ್ತು.
ಒರೆಸಲಿಲ್ಲ.

ಹೊರಗೆ ಮರದ ಕೆಳಗೆ ಬ್ರೆಡ್ಡು, ಬ್ರೆಡ್ಡಿನ ನಡುವೆ ಬಿಸಿ ಬಜ್ಜಿ.
ಮೂವತ್ತೆರಡಕ್ಕೂ ಸಾಲಿತು, ನನಗೆ ಚೂರು ಉಳಿಯಿತು.
ಶಾಲೆಗೆ ಕೊಡುವ ಫಾರಮ್ಮನ್ನು ಮೊಣಕಾಲ ಮೇಲಿಟ್ಟೆ;
'ನೋಡಿದ ಪ್ರಾಣಿಗಳು' ಎಂಬಲ್ಲಿ
ಸಿಂಹ, ಕಾಡೆಮ್ಮೆ, ಜಿರಾಫೆ,
ಆಮೇಲೆ ಪೆನ್ನು ತಾನಾಗಿಯೇ ನ್ಯೆಲೆತಿ, ಗೋಲ್‌ಕೀಪರ್, ಮಾವು.
"ಏಳನೆಯದು ಏನಂತ ಬರೆಯಲಿ?" ಎಂದೆ ಎಲಿಯಾಸನಿಗೆ.
ಎಣ್ಣೆಗೈ ಚಡ್ಡಿಗೆ ಒರೆಸಿಕೊಂಡು ತಲೆ ಅಲ್ಲಾಡಿಸಿದ.
ಆ ಸಾಲು ಬಿಟ್ಟೆ.

ವ್ಯಾನು ಹೊರಟಿತು. ಹಿಂದಿನ ಸೀಟಿನಿಂದ
ಟೊಮಾಸಿನ್ಯು ಇನ್ನೂ ಕೇಳುತ್ತಿದ್ದ:
ಎಮ್ಮೆ ಗೆದ್ದರೆ, ಟೀಚರ್?
ರಾತ್ರಿ ಯಾರೂ ಇಲ್ಲದಾಗ?